ಬೈಗುಳವೂ ಬಿರುದೂ

ಮಗುವಿಗೆ ಹೆಸರಿಡುವುದು ಸಾಮಾನ್ಯವಾದ ಕಾರ್ಯವಲ್ಲವೆಂದು ನಮ್ಮ ಪೂರ್ವಿಕರು ತಿಳಿದಿದ್ದರು. ಷೋಡಶ ಸಂಸ್ಕಾರಗಳಲ್ಲಿ ನಾಮಕರಣಕ್ಕೆ ಪ್ರತ್ಯೇಕವಾದ ಸ್ಥಾನವುಂಟು. ಹೆಸರು ಹೇಗಿರಬೇಕೆಂಬುದಕ್ಕೆ ಗೃಹ್ಯಸೂತ್ರಗಳಲ್ಲಿ ವಿಧಿಯೂ ಉಂಟು. ಮೊದಲನೆಯ ಅಕ್ಷರವು ಘೋಷವರ್ಣವಾಗಿರಬೇಕು. ನಡುವೆ ಯ ರ ಲ ವ ಗಳೆಂಬ ಅಂತಃಸ್ಥಗಳಲ್ಲಿ ಒಂದು ಬರಬೇಕು. ಗಂಡುಮಗುವಿನ ಹೆಸರಿನಲ್ಲಿ ಅಕ್ಷರಸಂಖ್ಯೆ ಸಮವಾಗಿಯೂ ಹೆಣ್ಣುಮಗುವಿನದರಲ್ಲಿ ಬೆಸವಾಗಿಯೂ ಇರಬೇಕು. ವ್ಯಾಕರಣವನ್ನು ಏಕೆ ಓದಬೇಕೆಂಬ ಪ್ರಶ್ನೆಗೆ ಪತಂಜಲಿ ಮಹರ್ಷಿಗಳು ಹೇಳಿರುವ ಪ್ರಯೋಜನಗಳಲ್ಲಿ ಇದೂ ಒಂದು: ವ್ಯಾಕರಣವನ್ನರಿಯದವನು ತನ್ನ ಮಗುವಿಗೆ ಹೆಸರನ್ನೇ ಸರಿಯಾಗಿ ಇಡಲಾರನು.

ಹೀಗಿರಲಾಗಿ, ಓದು ಬರಹ ಬಲ್ಲ ತರುಣರು ನಾಲ್ಕಾರು ಮಂದಿ ಕಲೆತು, ಯೋಚನೆ ಮಾಡಿ, ಬೀದಿಯ ಬೈಗುಳವೊಂದನ್ನು ತಮಗೆ ತಾವೇ ಹೆಸರಾಗಿ ಇಟ್ಟುಕೊಂಡರೆ ಏನೆನ್ನಬೇಕು? ಇದು ಕಲ್ಪನೆಯ ಮಾತಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಒಂದು ವಾದ್ಯಗೋಷ್ಠಿಯ ಹೆಸರು ‘ಬೇವರ್ ಸೀ’. 2012ರಲ್ಲಿ ಅವರು ಇದೇ ಹೆಸರಿನ ಧ್ವನಿಮುದ್ರಿಕೆಯೊಂದನ್ನು ಹೊರತಂದರು. 2015ರಲ್ಲಿ ‘ಇನ್ವೋಕ್ ದಿ ಬಿಝಾರ್’ ಎಂಬ ಮತ್ತೊಂದನ್ನು. ಆಂಗ್ಲ ಅಕ್ಷರಗಳಲ್ಲಿ ಬರೆದಾಗ ಕೊನೆಯ ಪದವು ಸಮುದ್ರವಾಚಕ. ಕೂಡಿಸಿ ಉಚ್ಚರಿಸಿದಾಗ ನಮ್ಮ ಕನ್ನಡದ ‘ಬೇವರ್ಸಿ’. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಭಂಗಶ್ಲೇಷವೆಂದು ಹೆಸರು. ಪದವನ್ನು ಮುರಿದು ಎರಡರ್ಥ ಬರಿಸುವ ಈ ಚಮತ್ಕಾರದಲ್ಲಿ ನಮ್ಮ ಸಂಸ್ಕೃತ ಕವಿಗಳು ಎಷ್ಟೋ ಪರಿಶ್ರಮ ಮಾಡಿರುವರು. ಗಿಟಾರು ಹಿಡಿದ ಹುಡುಗರಿಗೆ ಅದು ಕೈಗೂಡಿತೆಂದು ನಾವು ಅಸೂಯೆಪಡಬೇಕಾದ ಕಾರಣವಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಈ ಶ್ಲೇಷದಿಂದ ದೊಡ್ಡ ವಿವಾದವೇ ಎದ್ದಿತು. ಯುಗಾದಿಗೆಂದು ಬೆಂಗಳೂರಿನಿಂದ ದೊಡ್ಡೇರಿಗೆ ಬಂದ ನಮ್ಮ ತಮ್ಮನ ಮಗನು ಈ ಹೆಸರನ್ನು ಎದೆಯ ಮೇಲೆ ಅಚ್ಚೊತ್ತಿಸಿಕೊಂಡಿದ್ದ ಕರಿಯ ಅಂಗಿಯೊಂದನ್ನು ತೊಟ್ಟು ಜಗಲಿಯಲ್ಲಿ ಕುಳಿತನು. ನಮ್ಮ ತಮ್ಮನು ಅದನ್ನು ಒಮ್ಮೆ ಓದಿದನು, ಇನ್ನೊಮ್ಮೆ ಬಾಯಿಬಿಟ್ಟು ಓದಿದನು. ಆಮೇಲೆ ಮುಖ ಕೆಂಪಾಯಿತು.

“ಹಬ್ಬದ ದಿವಸ ಇದೇನೋ ಇದು? ಊರವರು ನೋಡಿದರೆ ಏನಂದಾರು? ಅಬಿಷ್ಟು!”

ಹುಡುಗನು ಕೋಪಗೊಳ್ಳಲಿಲ್ಲ, ಬಿದ್ದು ಬಿದ್ದು ನಕ್ಕನು. ನಗುವಿನ ಕಾರಣವನ್ನು ನಾವು ಕೇಳಲಾಗಿ, “ದೊಡ್ಡಪ್ಪ, ಇವರ ಒಂದು ಹಾಡಿನ ಹೆಸರೇ ‘ಅಬಿಷ್ಟು’!” ಎಂದನು. ಒಳಗೆ ಹೋಳಿಗೆಯ ಹೂರಣ ರುಬ್ಬಿಸುತ್ತಿದ್ದ ನಮ್ಮ ತಾಯಿಯವರಿಗೂ ಈ ಮಾತು ಕೇಳಿಸಿತು. ಎಂಬತ್ತು ದಾಟಿದ ಅವರು ದಿನಕ್ಕೆ ಹತ್ತು ಸಲವಾದರೂ ಆ ಪದವನ್ನು ಬಳಸುವವರು. ತಮ್ಮ ಮಾತು ಹಾಡಾಗಿದೆಯೆಂದು ಕೇಳಿ ಅವರೂ ನಕ್ಕರು. ನಮ್ಮ ತಮ್ಮನೊಬ್ಬನೇ ನಗದೆ ಉಳಿದವನು. “ಅಣ್ಣಾ, ನೀನು ಮೇಷ್ಟರಾಗಿದ್ದವನು, ನೀನೇ ತೀರ್ಪು ಹೇಳು” ಎಂದು ವಿಷಯವನ್ನು ನಮ್ಮ ಪಾಲಿಗೆ ಬಿಟ್ಟನು.

ಪಂಡಿತರ ಅಭ್ಯಾಸದಂತೆ ನಾವು ಮೊದಲು ಪದವನ್ನೇ ಹಿಡಿದೆವು. ‘ಬೇ’ ಎಂಬುದು ‘ಇಲ್ಲದ’ ಎಂಬರ್ಥದ ಫಾರಸೀ ಉಪಸರ್ಗ. ‘ವಾರಿಸ್’ ಎಂಬುದು ಉತ್ತರಾಧಿಕಾರಿಯೆಂಬರ್ಥದ ಅರಬ್ಬೀ ಶಬ್ದ. ಎರಡೂ ಸೇರಿ ವಾರಸುದಾರನಿಲ್ಲದ್ದು ‘ಬೇವಾರಸಿ’. ನಮ್ಮ ಸೀಮೆಯವರಿಗೆ ಇಂತಹ ಶಬ್ದಗಳು ಹೊಸವಲ್ಲ. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡರು. ತಾಲ್ಲೂಕು, ಜಮೀನು, ದಫ್ತರ, ಶಿರಸ್ತೇದಾರ ಮೊದಲಾದ ಮಾತುಗಳು ಇಂದಿಗೂ ನಮ್ಮ ರೈತರ ಬಾಯಲ್ಲಿ ಅಚ್ಚಗನ್ನಡವಾಗಿ ನಡೆಯುತ್ತಿವೆ. ಬೇವಾರಸಿಯೂ ಇದೇ ಕುಲದ್ದು. ಒಡೆಯನು ಬಾರದ ಸಾಮಾನು ಪೋಲೀಸರ ಕಾಗದದಲ್ಲಿ ಬೇವಾರಸಿ ಮಾಲು. ಬಂಧುಗಳು ಬಾರದ ಹೆಣ ಬೇವಾರಸಿ ಶವ. ಇಲ್ಲಿ ಅದು ಬೈಗುಳವಲ್ಲ, ಕೇವಲ ದಾಖಲೆಯ ಮಾತು.

ಪರಿಹಾಸಕ್ಕಾಗಿ ಗೃಹ್ಯಸೂತ್ರದ ಒರೆಗಲ್ಲಿಗೂ ಈ ಶಬ್ದವನ್ನು ಹಚ್ಚಿ ನೋಡಿದೆವು. ಆದಿಯಲ್ಲಿ ಬಕಾರವು ಘೋಷವರ್ಣ. ನಡುವೆ ವಕಾರ ರೇಫಗಳೆಂಬ ಎರಡು ಅಂತಃಸ್ಥಗಳು. ಬೇ, ವಾ, ರ, ಸಿ ಎಂದು ಅಕ್ಷರಗಳು ನಾಲ್ಕು. ಈ ಮೂರು ವಿಧಿಗಳ ಮಟ್ಟಿಗೆ ಗಂಡುಮಗುವಿಗೆ ಇಡಲು ದೋಷವಿಲ್ಲದ ಹೆಸರು! ಬೀದಿಯ ‘ಬೇವರ್ಸಿ’ಯಲ್ಲಿ ಮಾತ್ರ ಒಂದಕ್ಷರವು ಲೋಪವಾಗಿ ಸಂಖ್ಯೆ ಬೆಸವಾಗುವುದು. ಇದನ್ನು ಕೇಳಿ ನಮ್ಮ ತಮ್ಮನೂ ಸ್ವಲ್ಪ ನಕ್ಕನು. ಆದರೆ ಈ ಪರಿಹಾಸದಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಅಕ್ಷರಗಳಲ್ಲಿ ಹೊಲೆಯೂ ಇಲ್ಲ, ಮಡಿಯೂ ಇಲ್ಲ. ಶಬ್ದಕ್ಕೆ ಮೈಲಿಗೆ ತಾಗುವುದು ಜನರ ಬಾಯಲ್ಲಿ.

ಬಾಯಿಂದ ಬಾಯಿಗೆ ಹೋಗುವಾಗ ಶಬ್ದದ ಗತಿ ಎತ್ತ ತಿರುಗೀತೆಂದು ಹೇಳಬರುವುದಿಲ್ಲ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ರೈಸ್ ಸಾಹೇಬರು ಅವುಗಳನ್ನು ಬೆಳಕಿಗೆ ತಂದರು. ಅಲ್ಲಿ ಚಕ್ರವರ್ತಿಯು ‘ದೇವಾನಾಂಪ್ರಿಯ’, ಎಂದರೆ ದೇವತೆಗಳಿಗೆ ಪ್ರಿಯನಾದವನು, ಎಂಬ ಗೌರವದ ಬಿರುದನ್ನು ಧರಿಸಿರುವನು. ಅದೇ ಬಿರುದು ಕಾಲಾನುಕ್ರಮದಲ್ಲಿ ಸಂಸ್ಕೃತ ಪಂಡಿತರ ವಾಗ್ವಾದಗಳಲ್ಲಿ ಎದುರಾಳಿಯನ್ನು ಹಳಿಯುವ ಮಾತಾಯಿತು. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯನ್ನು ಓದಿದ ವಿದ್ಯಾರ್ಥಿಗೆ ದೇವಾನಾಂಪ್ರಿಯನೆಂದರೆ ಮೂರ್ಖನು! ನಿಂದೆ ತೋರುವಾಗ ಸಮಾಸದಲ್ಲಿ ಷಷ್ಠೀವಿಭಕ್ತಿ ಲೋಪವಾಗದೆ ಉಳಿಯುವುದೆಂದು ಪಾಣಿನಿಯೇ ಸೂತ್ರ ಮಾಡಿರುವನು. ಬೈಗುಳಕ್ಕೂ ವ್ಯಾಕರಣವುಂಟೆಂದು ನಮ್ಮವರು ಬಲ್ಲರು.

ಬಿರುದು ಬೈಗುಳವಾಗುವಂತೆಯೇ ಬೈಗುಳವು ಬಿರುದಾಗುವುದೂ ಉಂಟು. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯನ್ನು ನೋಡಿರಿ. ಅವನೂ ಅವನ ಸೋದರರೂ ನಾಯಿಯ ಅಂಗಗಳಿಂದ ಹೆಸರು ಪಡೆದವರು. ಹಡೆದ ತಂದೆಯೇ ಅವನನ್ನು ನೂರು ಗೋವುಗಳಿಗೆ ಮಾರಿದನು. ಅಂತಹವನು ಕೊನೆಗೆ ಮಂತ್ರದ್ರಷ್ಟಾರನಾಗಿ ವಿಶ್ವಾಮಿತ್ರರಿಗೆ ಮಗನಾದನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ, ಕನ್ನದ ಮಾರಿತಂದೆ, ಸೂಳೆ ಸಂಕವ್ವೆ ಎಂಬ ಹೆಸರುಗಳನ್ನು ಕಾಣುತ್ತೇವೆ. ಲೋಕವು ಯಾವ ಕಸುಬನ್ನು ಹೇಳಿ ಇವರನ್ನು ತಗ್ಗಿಸುತ್ತಿದ್ದಿತೋ, ಆ ಕಸುಬೇ ಅವರ ಹೆಸರಿನ ಮುಂದೆ ನಿಂತು ಪೂಜೆಗೊಂಡಿತು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪನೆಂದು ಹೆಸರಿಡುವ ಪದ್ಧತಿಯಿದ್ದಿತು. ಯಮನೂ ಮುಟ್ಟಲು ಅಸಹ್ಯಪಡಲಿ ಎಂಬುದು ತಾಯಿಯ ಆಸೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿಯೂ ತಿಪ್ಪೆ ಇದೆ. ಶಿರಾ ಪಾವಗಡಗಳ ಕಡೆಯ ಹಾಜರಿ ಪುಸ್ತಕಗಳಲ್ಲಿ ನಾವು ಕೂಗಿದ ತಿಪ್ಪೇಸ್ವಾಮಿಗಳಿಗೆ ಲೆಕ್ಕವಿಲ್ಲ. ಕೂಗುವಾಗ ನಮಗಾಗಲಿ ಹುಡುಗರಿಗಾಗಲಿ ಕಸದ ನೆನಪು ಬಂದುದಿಲ್ಲ.

ಪರದೇಶಗಳಲ್ಲಿ ಈ ವಿಷಯವು ನ್ಯಾಯಾಲಯದವರೆಗೂ ಹೋಗಿದೆ. ‘ಪಂಕ್’ ಎಂಬ ಸಂಗೀತವು 1970ರ ದಶಕದಲ್ಲಿ ಅಮೆರಿಕ ಇಂಗ್ಲೆಂಡುಗಳಲ್ಲಿ ತಲೆಯೆತ್ತಿತು. ಮೂರು ಸ್ವರಮೇಳ, ದೊಡ್ಡ ಗದ್ದಲ, ದೊಡ್ಡವರ ಮೇಲೆ ಸಿಟ್ಟು. ಇವಿಷ್ಟು ಅದರ ಬಂಡವಾಳ. ಪಂಕ್ ಎಂಬ ಪದವೂ ಆಂಗ್ಲರಲ್ಲಿ ಹಳೆಯ ಬೈಗುಳವೇ. ಅವರಲ್ಲಿ ಪ್ರಖ್ಯಾತವಾದ ‘ಸೆಕ್ಸ್ ಪಿಸ್ಟಲ್ಸ್’ ಎಂಬ ಗೋಷ್ಠಿಯವರು 1977ರಲ್ಲಿ ತಂದ ಧ್ವನಿಮುದ್ರಿಕೆಯ ಹೆಸರಿನಲ್ಲಿ ಒಂದು ಒರಟು ಮಾತಿದ್ದಿತು. ಅದನ್ನು ಇಲ್ಲಿ ಅಚ್ಚುಹಾಕಿಸುವುದು ಗೃಹಪತ್ರಿಕೆಗೆ ಒಪ್ಪದು. ನಾಟಿಂಗ್‌ಹ್ಯಾಮ್ ಪಟ್ಟಣದ ಅಂಗಡಿಯವನೊಬ್ಬನು ಅದನ್ನು ಕಿಟಕಿಯಲ್ಲಿ ತೂಗಹಾಕಿದನೆಂದು 1889ರ ಕಾಯಿದೆಯೊಂದರ ಮೇರೆಗೆ ಪೋಲೀಸರು ಮೊಕದ್ದಮೆ ಹೂಡಿದರು. ಪ್ರತಿವಾದಿಯ ಕಡೆಯಿಂದ ಸಾಕ್ಷಿ ನುಡಿದವರು ಜೇಮ್ಸ್ ಕಿನ್ಸ್‌ಲಿ ಎಂಬ ಆಂಗ್ಲಸಾಹಿತ್ಯದ ಪ್ರಾಧ್ಯಾಪಕರು, ಪಾದ್ರಿಗಳೂ ಹೌದು. ಆ ಪದವು ಬಹು ಪ್ರಾಚೀನವಾದುದೆಂದೂ, ಒಂದು ಕಾಲಕ್ಕೆ ಪಾದ್ರಿಗಳಿಗೇ ಅಡ್ಡಹೆಸರಾಗಿದ್ದಿತೆಂದೂ ಅವರು ವಿವರಿಸಿದರು. ಮೊಕದ್ದಮೆಯು ವಜಾ ಆಯಿತು. ನಿಘಂಟು ತಿಳಿದ ಮೇಷ್ಟರೊಬ್ಬರು ಗದ್ದಲದ ಹುಡುಗರನ್ನು ಕಾಪಾಡಿದ ಈ ಸಂಗತಿಯು ನಮಗೆ ಪ್ರಿಯವಾದುದು.

ಇನ್ನೊಂದು ಅಮೆರಿಕದ ವ್ಯಾಜ್ಯ. ಏಷ್ಯ ಮೂಲದ ತರುಣರ ಗೋಷ್ಠಿಯೊಂದು ‘ದಿ ಸ್ಲ್ಯಾಂಟ್ಸ್’ ಎಂದು ಹೆಸರಿಟ್ಟುಕೊಂಡಿತು. ಓರೆಗಣ್ಣಿನವರು ಎಂದು ಅವರ ಜನರನ್ನು ಹೀಯಾಳಿಸುವ ಮಾತದು. ಹೀಯಾಳಿಕೆಯ ಮೊನೆಯನ್ನು ಮುರಿಯುವುದಕ್ಕಾಗಿಯೇ ತಾವು ಅದನ್ನು ಧರಿಸಿದೆವೆಂದು ಅವರು ಹೇಳಿದರು. ನಿಂದಾರ್ಥಕವೆಂದು ಸರ್ಕಾರದ ಕಚೇರಿಯು ಆ ಹೆಸರನ್ನು ನೋಂದಾಯಿಸಲು ನಿರಾಕರಿಸಿತು. ಸೈಮನ್ ಟ್ಯಾಮ್ ಎಂಬ ಅವರ ಮುಖಂಡರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 2017ರಲ್ಲಿ ತೀರ್ಪು ಅವರಂತೆ ಆಯಿತು. ನಮ್ಮ ದೇಶದ 1999ರ ವ್ಯಾಪಾರಚಿಹ್ನೆಗಳ ಕಾಯಿದೆಯಲ್ಲಿಯೂ ಅಶ್ಲೀಲವಾದ ಹೆಸರನ್ನು ನೋಂದಾಯಿಸಕೂಡದೆಂಬ ವಿಧಿಯಿದೆ. ಆದರೆ ನಮ್ಮ ಜಗಲಿಯ ವ್ಯಾಜ್ಯವು ನೋಂದಣಿಯದಲ್ಲ, ನೋವಿನದು.

ನೋವಿನ ಮಾತನ್ನೇಕೆ ಎತ್ತಿದೆವೆಂಬುದನ್ನು ಹೇಳಬೇಕು. ಮೂವತ್ತು ವರ್ಷಗಳಿಗೆ ಮುಂಚೆ ನಾವು ಪಾಠ ಹೇಳುತ್ತಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಒಬ್ಬ ಹುಡುಗನಿದ್ದನು. ತಾಯಿ ತೀರಿಹೋಗಿದ್ದಳು, ತಂದೆ ಊರು ಬಿಟ್ಟು ಹೋದವನು ಹಿಂದಿರುಗಲಿಲ್ಲ, ಅಜ್ಜಿಯು ಕೂಲಿ ಮಾಡಿ ಸಾಕುತ್ತಿದ್ದಳು. ಓರಗೆಯ ಹುಡುಗರು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಈ ಪದದಿಂದಲೇ ಕರೆಯುತ್ತಿದ್ದರು. ಅವರು ಅದನ್ನು ಕಲಿತದ್ದು ತಮ್ಮ ತಮ್ಮ ಮನೆಗಳಲ್ಲಿ. ನಾವು ಒಂದು ದಿವಸ ಕಪ್ಪುಹಲಗೆಯ ಮೇಲೆ ಆ ಪದವನ್ನು ಬರೆದು, ಮುರಿದು, ಅರ್ಥ ಹೇಳಿದೆವು. ವಾರಸುದಾರನಿಲ್ಲದವನು ಬೇವಾರಸಿ, ಈತನೋ ತನ್ನ ಅಜ್ಜಿಗೆ ತಾನೇ ವಾರಸುದಾರ, ಆದುದರಿಂದ ಈ ಮಾತು ಈತನಿಗೆ ಅನ್ವಯಿಸತಕ್ಕದ್ದಲ್ಲ ಎಂದು ತರ್ಕಿಸಿದೆವು. ಅಂದಿನಿಂದ ಶಾಲೆಯೊಳಗೆ ಆ ಪದವು ನಿಂತಿತು. ಶಾಲೆಯ ಹೊರಗಿನ ಬೀದಿ ನಮ್ಮ ಅಧೀನದಲ್ಲಿರಲಿಲ್ಲ.

ವಾರಸುದಾರನಿಲ್ಲವೆನ್ನಿಸಿಕೊಳ್ಳುವ ದುಃಖವು ಬಡವರಿಗೆ ಮಾತ್ರ ಬಂದದ್ದಲ್ಲ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರನು ಸಲ್ಲನೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಹಟ ಹಿಡಿದುದರಿಂದಲೇ ರಾಣಿ ಚೆನ್ನಮ್ಮನವರು ಕತ್ತಿ ಹಿಡಿಯಬೇಕಾಯಿತು. 1848ರಲ್ಲಿ ಸಾತಾರೆ, 1854ರಲ್ಲಿ ಝಾನ್ಸಿ ಇದೇ ನೆಪದಿಂದ ಹೋದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರೂ ತಮ್ಮ ದತ್ತುಪುತ್ರರಿಗೆ 1867ರಲ್ಲಿ ಮನ್ನಣೆ ಬರುವವರೆಗೆ ಈ ಚಿಂತೆಯಲ್ಲಿಯೇ ಕಾಲ ಕಳೆದರು. ಅರಮನೆಯನ್ನೇ ನಡುಗಿಸಿದ ಮಾತು ಅನಾಥ ಬಾಲಕನನ್ನು ಹೇಗೆ ಚುಚ್ಚೀತು!

ಆ ಬಾಲಕನೇ ಈಗ ನಲವತ್ತು ದಾಟಿದ ಗೃಹಸ್ಥನು. ಮೋಟಾರು ರಿಪೇರಿಯಲ್ಲಿ ಈ ಸುತ್ತಿಗೆಲ್ಲ ಹೆಸರುವಾಸಿ. ಹಬ್ಬದ ಮಾರನೆಯ ದಿವಸ ನಮ್ಮ ಕೊಳವೆಬಾವಿಯ ಮೋಟಾರನ್ನು ಮೇಲೆತ್ತುವುದಕ್ಕೆ ಬಂದನು. ನಮ್ಮ ತಮ್ಮನ ಮಗನು ಅದೇ ಅಂಗಿಯಲ್ಲಿ ಪೈಪು ಹಿಡಿಯಲು ನಿಂತನು. ಆತನು ಎದೆಯ ಮೇಲಿನ ಅಕ್ಷರಗಳನ್ನು ಓದಿದುದನ್ನು ನಾವು ನೋಡಿದೆವು. ಕೆಲಸ ಮುಗಿದು ಕೈ ತೊಳೆದು ಕಾಫಿ ಕುಡಿಯುವಾಗ ಹುಡುಗನು ತಾನಾಗಿಯೇ ಶ್ಲೇಷವನ್ನು ವಿವರಿಸಿ, ಸಮುದ್ರದ ಚಿತ್ರವನ್ನೂ ತೋರಿಸಿದನು. ಆತನು ಮುಗುಳ್ನಕ್ಕನು.

“ಚೆನ್ನಾಗದೆ ಕಣಪ್ಪಾ” ಎಂದನು. ಆಮೇಲೆ ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ಇವ್ರು ತಾವಾಗೇ ಇಟ್ಕೊಂಡವ್ರೆ. ನಂಗೆ ಬೇರೆಯೋರು ಇಟ್ರು. ಇವ್ರಿಗೆ ಬ್ಯಾಡ ಅನ್ನಿಸಿದ ದಿನ ಅಂಗಿ ಬಿಚ್ಚಾಕ್ಬೋದು” ಎಂದನು.

ಅವನ ದನಿಯಲ್ಲಿ ಕೋಪವಿರಲಿಲ್ಲ. ಹುಡುಗನಿಗೆ ಉತ್ತರ ತೋಚಲಿಲ್ಲ. ಆತನು ಹೋದ ಮೇಲೆ ಅವನು ನಮ್ಮ ಬಳಿ ಬಂದು, “ದೊಡ್ಡಪ್ಪ, ಅವರಿಗೆ ಬೇಜಾರಾಯಿತೇ?” ಎಂದು ಕೇಳಿದನು. ಅಂಗಿಯ ವಿಷಯವಾಗಿ ತಂದೆಯ ಕೂಗಾಟದಿಂದ ಹುಟ್ಟದ ವಿಚಾರವು ಈ ಎರಡು ಮಾತುಗಳಿಂದ ಹುಟ್ಟಿದ್ದಿತು.

ನಮ್ಮ ತಮ್ಮನು ಕೇಳಿದ ತೀರ್ಪನ್ನು ಆ ಸಂಜೆ ಹೇಳಿದೆವು. ಇಂತಹ ಹೆಸರುಗಳನ್ನು ಕಾನೂನಿನಿಂದಾಗಲಿ ಗದರಿಕೆಯಿಂದಾಗಲಿ ಅಡಗಿಸಲು ಹೋಗತಕ್ಕದ್ದಲ್ಲ. ಅಡಗಿಸಿದಷ್ಟೂ ಅವುಗಳಿಗೆ ಪ್ರಚಾರ ಹೆಚ್ಚು. ಬೆಂಗಳೂರಿನ ಆ ಹುಡುಗರು ಯಾರನ್ನೂ ಬೈದಿಲ್ಲ. ಬೈಗುಳವನ್ನು ತಮ್ಮ ತಲೆಯ ಮೇಲೆಯೇ ಹೊತ್ತುಕೊಂಡಿರುವರು. ತನ್ನನ್ನು ತಾನು ಹಳಿದುಕೊಂಡು ನಗುವವನಿಗೂ ಇನ್ನೊಬ್ಬನನ್ನು ಹಳಿದು ನಗುವವನಿಗೂ ಬಹಳ ಅಂತರವುಂಟು. ಆದರೆ ಶರಣರಿಗೂ ಇವರಿಗೂ ಒಂದು ಭೇದವಿದೆ. ಮಾರಯ್ಯನು ಹೆಂಡ ಮಾರಿದವನು. ಸ್ಲ್ಯಾಂಟ್ಸ್ ಗೋಷ್ಠಿಯವರು ಆ ಹೀಯಾಳಿಕೆಯನ್ನು ಹುಟ್ಟಿನಿಂದ ಕೇಳಿದವರು. ಅವರು ಧರಿಸಿದ್ದು ತಮ್ಮದೇ ಗಾಯವನ್ನು. ತಂದೆತಾಯಿಗಳು ಇರುವ ಮನೆಯ ಹುಡುಗನು ಈ ಅಂಗಿಯನ್ನು ತೊಡುವಾಗ, ಅದು ಎರವಲು ತಂದ ಮಾತೆಂಬುದನ್ನು ತಿಳಿದು ತೊಡಲಿ. ಎರವಲು ತಂದ ಪಾತ್ರೆಯನ್ನು ನಾವು ಜೋಪಾನವಾಗಿ ಇಟ್ಟುಕೊಳ್ಳುವುದಿಲ್ಲವೆ?

ಇಷ್ಟು ಹೇಳಿ ಹುಡುಗರನ್ನು ಬಿಟ್ಟು, ಹಿರಿಯರ ಕಡೆಗೂ ಒಂದು ಮಾತು. ಹಾಡುಗಾರರ ಹೆಸರು ಕೇಳಿ ಕಿವಿ ಮುಚ್ಚಿಕೊಳ್ಳುವ ಗೃಹಸ್ಥರು ತಮ್ಮ ಮನೆಯ ಬೈಗುಳಗಳನ್ನು ಒಂದು ದಿವಸ ಎಣಿಸಿ ನೋಡಲಿ. ಬೇವರ್ಸಿ ಎಂದರೆ ಯಾರೂ ಇಲ್ಲದವನು. ಮುಂಡೇದು ಎಂದು ಮುದ್ದಿನ ಮಗುವನ್ನೂ ಗದರಿಸುತ್ತೇವೆ. ಅದು ಗಂಡನನ್ನು ಕಳೆದುಕೊಂಡವಳ ಮಾತು. ತಿರುಕನೆಂದರೆ ಅನ್ನವಿಲ್ಲದವನು. ಕುಂಟ, ಕುರುಡ, ಹೆಳವ ಎಂಬವು ಅಂಗಹೀನರ ಮಾತು. ಕೆಲವು ಜಾತಿಗಳ ಹೆಸರನ್ನೇ ಬೈಗುಳವನ್ನಾಗಿ ಮಾಡಿದವರೂ ನಮ್ಮವರೇ. ಅದನ್ನು ಶಿಕ್ಷಾರ್ಹವೆಂದು 1989ರಲ್ಲಿ ಕಾಯಿದೆಯೇ ಹೇಳಬೇಕಾಯಿತು. ಸುಳ್ಳು, ಕಳವು, ಲಂಚ, ದ್ರೋಹ ಇವುಗಳಿಂದ ಹುಟ್ಟಿದ ಬೈಗುಳಗಳು ಎಷ್ಟಿವೆ? ಬೆರಳಲ್ಲಿ ಎಣಿಸುವಷ್ಟು. ಮಿಕ್ಕುವೆಲ್ಲವೂ ಪಾಪ ಮಾಡಿದವರ ಹೆಸರುಗಳಲ್ಲ, ದುಃಖಪಟ್ಟವರ ಹೆಸರುಗಳು. ಪರರ ದುರದೃಷ್ಟವನ್ನೇ ಕಲ್ಲು ಮಾಡಿಕೊಂಡು ಇನ್ನೊಬ್ಬರ ಮೇಲೆ ಎಸೆಯುವ ಅಭ್ಯಾಸವು ಯಾವ ವಾದ್ಯಗೋಷ್ಠಿಯೂ ಕಲಿಸಿದ್ದಲ್ಲ.

ಹಿಂದಿನ ದಾಖಲೆಗಳಲ್ಲಿ ಮದ್ದಗಿರಿಯೆಂದಿದ್ದ ನಮ್ಮ ತಾಲ್ಲೂಕಿನ ಪಟ್ಟಣವು ಇಂದು ಮಧುಗಿರಿಯೆಂದು ಮಧುರವಾದ ಹೆಸರನ್ನು ಪಡೆದಿದೆ. ಊರಿನ ಹೆಸರನ್ನು ಸಿಹಿ ಮಾಡಲು ಸರ್ಕಾರದ ಕಾಗದ ಬೇಕು. ಮನೆಯ ಮಾತನ್ನು ಸಿಹಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ನಮ್ಮ ತಾಯಿಯವರ ‘ಅಬಿಷ್ಟು’ವಿಗೆ ಮಾತ್ರ ನಾವು ವಿನಾಯಿತಿ ಕೊಟ್ಟಿದ್ದೇವೆ. ಅದರಲ್ಲಿ ಯಾರ ದುಃಖವೂ ಅಡಗಿರುವಂತೆ ನಮಗೆ ಕಾಣಲಿಲ್ಲ. ಮೇಲಾಗಿ ಈ ವಯಸ್ಸಿನಲ್ಲಿ ಅವರು ಬಿಡುವಂತೆಯೂ ಇಲ್ಲ.